ಜಾನಿ ವಿಲಿಯಮ್ಸ್ ಅವರನ್ನು ಹುಡುಕುತ್ತ: ಯುದ್ಧಸಮಾಧಿ ಆಯೋಗದ ಸೇವೆಯ ವಿಮರ್ಶೆ

ಕಾರ್ಡಿಫ್ ನಗರದ ಉತ್ತರದಂಚಿನ ವಿಟ್‌ಚರ್ಚ್‌ನಲ್ಲಿ 1882ರ ಜನವರಿಯಲ್ಲಿ ಹುಟ್ಟಿದ ಜಾನ್ ಲೂಯಿಸ್ ವಿಲಿಯಮ್ಸ್ ಎಂಬ ರಗ್ಬಿ ಆಟಗಾರರ ಬದುಕನ್ನು ತಿಳಿಯಬೇಕೆಂದು ಹೊರಟ ನನಗೆ ಮೊದಲು ಸಿಕ್ಕಿದ್ದು ಅವರ ಮರಣದ ದಾಖಲೆ. ವೇಲ್ಸಿನ ಕ್ರೀಡಾಚರಿತ್ರೆಯಲ್ಲಿ ಜಾನಿ ವಿಲಿಯಮ್ಸ್ ಎಂದೇ ಹೆಸರಾದ ಇವರು 1916ರ ಜುಲೈ 12ರಂದು ತೀರಿಕೊಂಡರು, ಆಗ ಅವರಿಗೆ 34 ವರ್ಷ, ಅವರ ಸಮಾಧಿ ಫ್ರಾನ್ಸಿನ ಕೋರ್ಬಿ ಎಂಬ ಪುಟ್ಟ ಊರಿನ ಸ್ಮಶಾನದ ವಿಸ್ತರಣೆಯಲ್ಲಿದೆ. ಇಷ್ಟನ್ನು ನನಗೆ ತಿಳಿಸಿದ್ದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿರುವ ಹೆಸರು ಹುಡುಕುವ ಸೇವೆ. ಒಬ್ಬ ಮನುಷ್ಯನ ಜೀವನವನ್ನು ಅರಿಯಲು ಬಯಸುವವರಿಗೆ ಈ ಸೇವೆ ಎಲ್ಲಿಯವರೆಗೆ ಜೊತೆಗೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಕಂಡುಕೊಂಡಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಆಯೋಗದ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬೇಕು. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಫೇಬಿಯನ್ ವೇರ್ ಎಂಬವರ ಪ್ರಯತ್ನದಿಂದ, 1917ರ ಮೇ 21ರಂದು ರಾಜಸನ್ನದಿನ ಮೂಲಕ ಇದು ಸ್ಥಾಪನೆಯಾಯಿತು. ಆಗ ಅದರ ಹೆಸರಿನಲ್ಲಿ ‘ಇಂಪೀರಿಯಲ್’ ಎಂಬ ಪದವಿತ್ತು. 1960ರಲ್ಲಿ ಅದು ‘ಕಾಮನ್‌ವೆಲ್ತ್’ ಎಂದಾಯಿತು. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಹೆಸರುಗಳು ಈಗ ಅದರ ಪಾಲನೆಯಲ್ಲಿವೆ. ಹುದ್ದೆ, ಸಿರಿತನ, ಮನೆತನ ಯಾವುದನ್ನೂ ನೋಡದೆ ಎಲ್ಲರಿಗೂ ಒಂದೇ ಅಳತೆಯ ಸಮಾಧಿಕಲ್ಲು ಎಂಬುದು ಅದರ ಮೂಲನಿಯಮ. ಆ ನಿಯಮದ ಬಗ್ಗೆ ಆ ಕಾಲದಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿಯೇ ಬಿರುಸಾದ ಚರ್ಚೆ ನಡೆದಿತ್ತು, ಏಕೆಂದರೆ ತಮ್ಮ ಮಗನ ದೇಹವನ್ನು ಊರಿಗೆ ತರಿಸಿಕೊಳ್ಳುವ ಅಥವಾ ತಮಗೆ ಬೇಕಾದ ಸ್ಮಾರಕವನ್ನು ಕಟ್ಟಿಸುವ ಹಕ್ಕನ್ನು ಕುಟುಂಬಗಳು ಬಿಟ್ಟುಕೊಡಬೇಕಾಗಿತ್ತು.

ಹುಡುಕಾಟ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ವೇಲ್ಸಿನ ಹೆಸರುಗಳ ವಿಚಾರದಲ್ಲಿ ಹೊಸಬರು ಎಡವುವುದು ಇಲ್ಲಿಯೇ. ಕುಲನಾಮ, ಮೊದಲ ಹೆಸರು ಅಥವಾ ಇನಿಷಿಯಲ್, ಸೇನಾ ಸಂಖ್ಯೆ, ರೆಜಿಮೆಂಟ್, ಯಾವ ದೇಶದ ಪಡೆ, ಮರಣದ ದಿನಾಂಕ, ಯಾವ ಯುದ್ಧ, ಯಾವ ದೇಶದಲ್ಲಿ ಸ್ಮಾರಕ ಎಂಬ ಅಂಕಣಗಳಿರುತ್ತವೆ. ವೇಲ್ಸಿನಲ್ಲಿ ವಿಲಿಯಮ್ಸ್, ಥಾಮಸ್, ಜೋನ್ಸ್, ಡೇವಿಸ್, ಇವಾನ್ಸ್ ಎಂಬ ಕೆಲವೇ ಕುಲನಾಮಗಳಲ್ಲಿ ಅರ್ಧ ದೇಶವೇ ಅಡಗಿದೆ ಎನ್ನಬಹುದು. ಹಾಗಾಗಿ ‘ವಿಲಿಯಮ್ಸ್’ ಎಂದಷ್ಟೇ ಬರೆದು ಹುಡುಕಿದರೆ ಸಾವಿರಾರು ಹೆಸರುಗಳು ಸಾಲುಗಟ್ಟಿ ನಿಲ್ಲುತ್ತವೆ. ನಮ್ಮಲ್ಲಿ ಮಂಜುನಾಥ ಎಂಬ ಹೆಸರಿನವರನ್ನು ಊರು, ಇನಿಷಿಯಲ್, ಮನೆತನಗಳಿಂದ ಬೇರೆ ಮಾಡಿ ಗುರುತಿಸುವಂತೆ ಇಲ್ಲಿಯೂ ಮಾಡಬೇಕಾಗುತ್ತದೆ. ಇನ್ನೊಂದು ತೊಡಕೆಂದರೆ ಆಟದ ಮೈದಾನದ ಹೆಸರು ಬೇರೆ, ಸೇನೆಯ ಪಟ್ಟಿಯ ಹೆಸರು ಬೇರೆ. ಪ್ರೇಕ್ಷಕರಿಗೆ ಜಾನಿಯಾಗಿದ್ದವರು ಪಟ್ಟಿಯಲ್ಲಿ ಜಾನ್ ಲೂಯಿಸ್. ಅವರೊಡನೆ ಆಡಿದ ಡಿಕ್ ಥಾಮಸ್ ಅವರಿಗೆ ಎಡ್ವರ್ಡ್, ಜಾನ್, ರಿಚರ್ಡ್ ಎಂಬ ಮೂರು ಹೆಸರುಗಳಿದ್ದವು. ರೆಜಿಮೆಂಟನ್ನೂ ಮರಣದ ವರ್ಷವನ್ನೂ ಮೊದಲೇ ತುಂಬಿ, ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ ಹಾಕಿದರೆ ಸಾವಿರಗಳ ಪಟ್ಟಿ ಕೆಲವು ಸಾಲುಗಳಿಗೆ ಇಳಿಯುತ್ತದೆ. ನಾನು ಇದನ್ನು ಅರಿತದ್ದು ಒಂದು ಇಡೀ ಸಂಜೆಯನ್ನು ಬೇರೆ ಬೇರೆ ವಿಲಿಯಮ್ಸ್‌ಗಳ ದಾಖಲೆ ಓದುತ್ತ ಕಳೆದ ಮೇಲೆ. ಆ ಸಂಜೆ ವ್ಯರ್ಥವಾಯಿತು ಎಂದು ಮಾತ್ರ ಅನ್ನಿಸಲಿಲ್ಲ. ಆ ಒಂದೇ ಕುಲನಾಮದ ಅಡಿಯಲ್ಲಿ ಎಷ್ಟು ಮನೆಗಳಿಗೆ ತಂತಿ ಸುದ್ದಿ ಹೋಗಿರಬೇಕು ಎಂಬುದು ಕಣ್ಣಿಗೆ ಕಟ್ಟಿತು.

ದಾಖಲೆ ಸಿಕ್ಕ ಮೇಲೆ ದೊರೆಯುವ ಮಾಹಿತಿ ಅಚ್ಚುಕಟ್ಟಾಗಿದೆ: ಹುದ್ದೆ ಕ್ಯಾಪ್ಟನ್, ವೆಲ್ಷ್ ರೆಜಿಮೆಂಟಿನ 16ನೇ ಬೆಟಾಲಿಯನ್, ಮರಣದ ದಿನಾಂಕ, ಸ್ಮಶಾನದ ಹೆಸರು, ಸಮಾಧಿ ಯಾವ ಭಾಗದ ಯಾವ ಸಾಲಿನಲ್ಲಿ ಎಷ್ಟನೆಯದು ಎಂಬ ಗುರುತು. ಇದರ ಜೊತೆಗೆ ಆ ಕಾಲದ ಕಾಗದಗಳ ಸ್ಕ್ಯಾನ್ ಪ್ರತಿಗಳನ್ನೂ ಆಯೋಗ ತೆರೆದಿಟ್ಟಿದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಸೇವೆಯ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಸಮಾಧಿ ನೋಂದಣಿಯ ಹಾಳೆಗಳು, ಕಲ್ಲಿನ ಮೇಲೆ ಏನು ಕೆತ್ತಬೇಕೆಂಬ ಪಟ್ಟಿಗಳು, ಚದುರಿದ ಗೋರಿಗಳಿಂದ ದೇಹಗಳನ್ನು ಒಂದೆಡೆ ತಂದಾಗಿನ ವರದಿಗಳು ಬೆರಳಚ್ಚಿನ ಅಕ್ಷರಗಳಲ್ಲಿ, ನಡುನಡುವೆ ಕೈಬರಹದ ತಿದ್ದುಪಡಿಗಳೊಂದಿಗೆ ಓದಲು ಸಿಗುತ್ತವೆ. ಕಲ್ಲಿನ ಕೆಳಭಾಗದಲ್ಲಿ ಕುಟುಂಬದವರು ತಮ್ಮ ಮಾತನ್ನು ಕೆತ್ತಿಸಲು ಅವಕಾಶವಿತ್ತು; ಅದಕ್ಕೆ ಪದಗಳ ನಡುವಿನ ಜಾಗವೂ ಸೇರಿ 66 ಅಕ್ಷರಗಳ ಮಿತಿ. ಮಗನನ್ನೋ ಗಂಡನನ್ನೋ ಕಳೆದುಕೊಂಡವರು ತಮ್ಮ ಮಾತನ್ನು 66 ಅಕ್ಷರಗಳಿಗೆ ಇಳಿಸಲು ಕುಳಿತ ಗಳಿಗೆಯನ್ನು ಆ ಪಟ್ಟಿಗಳನ್ನು ಓದುವಾಗ ನೆನೆಯದಿರಲು ಆಗುವುದಿಲ್ಲ.

ಆದರೆ ಇಲ್ಲಿಗೆ ದಾಖಲೆ ಮುಗಿಯುತ್ತದೆ. ಮೃತರು ಜೀವಿತಕಾಲದಲ್ಲಿ ಏನಾಗಿದ್ದರು ಎಂಬುದಕ್ಕೆ ಈ ನೋಂದಣಿಯಲ್ಲಿ ಪ್ರತ್ಯೇಕ ಅಂಕಣವಿಲ್ಲ. ಯುದ್ಧದ ನಂತರ ಆಯೋಗ ಕಳುಹಿಸಿದ ನಮೂನೆಗೆ ಕುಟುಂಬದವರು ಏನನ್ನಾದರೂ ಬರೆದು ಹಿಂತಿರುಗಿಸಿದ್ದರೆ ಅದು ಹೆಚ್ಚುವರಿ ಮಾಹಿತಿಯಾಗಿ ಸೇರಿರುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಕೊರತೆ ಎಂದು ಕರೆಯಲಾರೆ. ಸಮಾಧಿಯನ್ನು ಕಾಯುವುದು ಆಯೋಗದ ಕೆಲಸ. ಜೀವನಚರಿತ್ರೆ ಬರೆಯುವುದು ಅದರ ಹೊಣೆಯಲ್ಲ. ಆದರೂ ಬಳಸುವವರು ಈ ಮಿತಿಯನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಜಾನಿ ವಿಲಿಯಮ್ಸ್ ಅವರ ವಿಷಯದಲ್ಲಿ ದಾಖಲೆಯ ಆಚೆ ಉಳಿದುಹೋಗುವುದು ಬಹಳ ದೊಡ್ಡದು.

ಅವರು ಎಡಬದಿಯ ವಿಂಗ್ ಸ್ಥಾನದ ಓಟಗಾರರು. ಎದುರಾಳಿ ಮೈಮೇಲೆ ಬೀಳುವ ಕ್ಷಣದಲ್ಲಿ ಹೊರಗಿನ ಗೆರೆಯ ಕಡೆಗೆ ಓಡುವಂತೆ ತೋರಿಸಿ, ಪಾದ ಬದಲಿಸಿ, ಮೈದಾನದ ಒಳಭಾಗಕ್ಕೆ ನುಗ್ಗುವುದು ಅವರ ಹೆಸರಾಂತ ಚಳಕ. 1906ರ ಡಿಸೆಂಬರ್ 1ರಂದು ಸ್ವಾನ್ಸೀಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರು ವೇಲ್ಸ್ ಪರವಾಗಿ ಮೊದಲ ಬಾರಿಗೆ ಆಡಿದರು, ಮತ್ತು ಅಂದು ವೇಲ್ಸ್ 11–0ರಿಂದ ಸೋತಿತು. ಅಲ್ಲಿಂದ 1911ರವರೆಗೆ ಒಟ್ಟು 17 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿ ವೇಲ್ಸಿಗಾಗಿ 17 ಟ್ರೈ ಗಳಿಸಿದರು. ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದಕ್ಕೆ ಟ್ರೈ ಎನ್ನುತ್ತಾರೆ. ಆಗ ಅದಕ್ಕೆ ಮೂರು ಅಂಕ. ಪಂದ್ಯಕ್ಕೊಂದರಂತೆ ಟ್ರೈ ಗಳಿಸಿದವರು ಇಂದಿನ ವೇಗದ ಆಟದಲ್ಲಿಯೂ ವಿರಳ. ಆ 17 ಪಂದ್ಯಗಳಲ್ಲಿ ಅವರ ತಂಡ ಸೋತದ್ದು ಎರಡರಲ್ಲಿ ಮಾತ್ರ. ಅದು ವೇಲ್ಸ್ ರಗ್ಬಿಯ ಮೊದಲ ಸುವರ್ಣಯುಗ. 1908, 1909 ಮತ್ತು 1911ರಲ್ಲಿ ವೇಲ್ಸ್ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್ ನಾಲ್ಕನ್ನೂ ಒಂದೇ ಋತುವಿನಲ್ಲಿ ಸೋಲಿಸಿತು. ನಡುವೆ 1908ರಲ್ಲಿ ಆಂಗ್ಲೋ-ವೆಲ್ಷ್ ತಂಡದೊಂದಿಗೆ ಅವರು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳಿಗೂ ಹೋಗಿಬಂದರು. ಕಾರ್ಡಿಫ್ ಕ್ಲಬ್ಬಿನ ಪರವಾಗಿ ಅವರು ಗಳಿಸಿದ ಟ್ರೈಗಳೇ ನೂರನ್ನು ಮೀರುತ್ತವೆ.

ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಬಹಳ ಕಾಲ ಉಳಿದಿದೆ. 1911ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ವಿರುದ್ಧ ನಡೆದ ಪಂದ್ಯಕ್ಕೆ ಆಗಿನ ನಾಯಕ ಬಿಲ್ಲಿ ಟ್ರೂ ತಮ್ಮ ನಾಯಕತ್ವವನ್ನು ಜಾನಿ ವಿಲಿಯಮ್ಸ್ ಅವರಿಗೆ ಬಿಟ್ಟುಕೊಟ್ಟರು. ವಿಲಿಯಮ್ಸ್ ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿತ್ತು ಎಂಬುದೇ ಅದಕ್ಕೆ ಕಾರಣ. ಕಾರ್ಡಿಫ್ ಆಗ ಕಲ್ಲಿದ್ದಲನ್ನು ಲೋಕಕ್ಕೆಲ್ಲ ಕಳುಹಿಸುತ್ತಿದ್ದ ಬಂದರು, ಅವರದೂ ಕಲ್ಲಿದ್ದಲು ರಫ್ತಿನ ವ್ಯಾಪಾರ. ವೇಲ್ಸಿನ ನಾಯಕರಾಗಿ ಅವರು ಆಡಿದ್ದು ಅದೊಂದೇ ಪಂದ್ಯ, ಅದನ್ನು ಗೆದ್ದರು. ಐದು ವರ್ಷಗಳ ತರುವಾಯ ಅದೇ ದೇಶದ ಮಣ್ಣಿನಲ್ಲಿ ಅವರನ್ನು ಹೂಳಲಾಯಿತು. ಆಯೋಗದ ದಾಖಲೆಯಲ್ಲಿ ‘ಫ್ರಾನ್ಸ್’ ಎಂಬ ಪದವನ್ನು ಓದಿದಾಗಲೆಲ್ಲ ನನಗೆ ಆ ಪ್ಯಾರಿಸ್ ಪಂದ್ಯ ನೆನಪಾಗುತ್ತದೆ.

ಆಟದ ಈ ವಿವರಗಳಿಗಾಗಿ ನಾನು ಮೊರೆಹೋದದ್ದು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಇನ್ನೊಂದು ಉಚಿತ ಸೇವೆಗೆ. ವೇಲ್ಸಿನ ಹಳೆಯ ಪತ್ರಿಕೆಗಳನ್ನು 1919ರವರೆಗೆ ಪುಟಪುಟವಾಗಿ ಸ್ಕ್ಯಾನ್ ಮಾಡಿ, ಪದಗಳಿಂದ ಹುಡುಕುವಂತೆ ಅದು ಜೋಡಿಸಿಟ್ಟಿದೆ. ಕಾರ್ಡಿಫ್‌ನ ‘ಈವನಿಂಗ್ ಎಕ್ಸ್‌ಪ್ರೆಸ್’ ಪತ್ರಿಕೆಯ 1910ರವರೆಗಿನ ಸಂಚಿಕೆಗಳಲ್ಲಿ ರಗ್ಬಿ ವರದಿಗಳು ಹೇರಳವಾಗಿವೆ. ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪುಗಳು ಇದ್ದೇ ಇರುತ್ತವೆ, ಹಾಗಾಗಿ ಹೆಸರಿನಿಂದ ಸಿಗದಿದ್ದರೆ ಪಂದ್ಯದ ದಿನಾಂಕದಿಂದ ಪುಟವನ್ನೇ ತೆರೆದು ಓದುವುದು ಒಳ್ಳೆಯದು. ಒಂದು ಸೇವೆ ಮರಣವನ್ನು ತಪ್ಪಿಲ್ಲದೆ ಹೇಳುತ್ತದೆ, ಇನ್ನೊಂದು ಶನಿವಾರದ ಮಧ್ಯಾಹ್ನಗಳನ್ನು ಹೇಳುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದವರಿಗೆ ಮಾತ್ರ ಮನುಷ್ಯ ಕಾಣಿಸುತ್ತಾನೆ. ಆಯೋಗದ ಸೇವೆಯನ್ನು ಒಂಟಿಯಾಗಿ ಬಳಸಬೇಡಿ ಎಂಬುದೇ ನಾನು ಕೊಡಬಹುದಾದ ಮುಖ್ಯ ಸಲಹೆ.

ಯುದ್ಧ ಆರಂಭವಾದಾಗ ವಿಲಿಯಮ್ಸ್ ಅವರಿಗೆ 32 ವರ್ಷ. ಆಟ ಬಿಟ್ಟು ಮೂರು ವರ್ಷಗಳಾಗಿದ್ದವು. ಅವರು ಸೇನೆಗೆ ಸೇರಿ, ಕಾರ್ಡಿಫ್ ನಗರದ ಹೆಸರಿನಲ್ಲಿಯೇ ಕಟ್ಟಲಾದ ವೆಲ್ಷ್ ರೆಜಿಮೆಂಟಿನ 16ನೇ ಬೆಟಾಲಿಯನ್ನಿನ ಅಧಿಕಾರಿಯಾದರು. 1915ರ ಡಿಸೆಂಬರ್‌ನಲ್ಲಿ ಆ ಬೆಟಾಲಿಯನ್, 38ನೇ ವೆಲ್ಷ್ ಡಿವಿಷನ್ನಿನ ಭಾಗವಾಗಿ, ಫ್ರಾನ್ಸಿಗೆ ದಾಟಿತು. ಅದೇ ಬೆಟಾಲಿಯನ್ನಿನಲ್ಲಿ ಕಂಪನಿ ಸಾರ್ಜೆಂಟ್ ಮೇಜರ್ ಆಗಿದ್ದವರು ಡಿಕ್ ಥಾಮಸ್. ಗ್ಲಾಮೋರ್ಗನ್ ಪೊಲೀಸ್ ಪಡೆಯಲ್ಲಿದ್ದ, ಮೌಂಟನ್ ಆಶ್ ತಂಡದ ದೃಢಕಾಯದ ಮುಂಚೂಣಿ ಆಟಗಾರ ಅವರು. ವೇಲ್ಸಿಗಾಗಿ ನಾಲ್ಕು ಪಂದ್ಯ ಆಡಿದ್ದ ಅವರಿಗೂ ಮೊದಲ ಪಂದ್ಯ ಸ್ವಾನ್ಸೀಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧದ್ದೇ. ಒಂದೇ ದಿನ ಕೆಂಪು ಅಂಗಿ ತೊಟ್ಟ ಇಬ್ಬರು ಹತ್ತು ವರ್ಷಗಳ ನಂತರ ಒಂದೇ ಬೆಳಿಗ್ಗೆ, ಫ್ರಾನ್ಸಿನ ಸೋಮ್ ಕದನದಲ್ಲಿ, ಶತ್ರುವಿನ ವಶದಲ್ಲಿದ್ದ ಮಾಮೆಟ್ಜ್ ಕಾಡಿನ ಮುಂದೆ ನಿಂತರು.

1916ರ ಜುಲೈ 7ರ ಬೆಳಿಗ್ಗೆ ಎಂಟೂವರೆಗೆ 16ನೇ ವೆಲ್ಷ್ ಮತ್ತು ಸೌತ್ ವೇಲ್ಸ್ ಬಾರ್ಡರರ್ಸ್‌ನ 11ನೇ ಬೆಟಾಲಿಯನ್ ಕಾಡಿನ ಪೂರ್ವದ ಚಾಚುಭಾಗದ ಮೇಲೆ ಏರಿಹೋದವು. ಸೈನಿಕರು ಆ ಭಾಗಕ್ಕೆ ಹ್ಯಾಮರ್‌ಹೆಡ್ ಎಂದು ಹೆಸರಿಟ್ಟಿದ್ದರು. ತೆರೆದ ಇಳಿಜಾರನ್ನು ದಾಟಬೇಕಾಗಿತ್ತು; ಮರೆಮಾಚಲು ನಿರೀಕ್ಷಿಸಿದ್ದ ಹೊಗೆಯ ತೆರೆ ಇರಲಿಲ್ಲ; ಎದುರಿನಿಂದ ಮಾತ್ರವಲ್ಲದೆ ಪಕ್ಕದ ಪೊದೆಗಾಡುಗಳಿಂದಲೂ ಮೆಷಿನ್‌ಗನ್‌ಗಳು ಅಡ್ಡಲಾಗಿ ಗುಂಡು ಸುರಿಸಿದವು. ಅಂದು ಯಾರೂ ಕಾಡಿನ ಅಂಚನ್ನು ಮುಟ್ಟಲಾಗಲಿಲ್ಲ. ಡಿಕ್ ಥಾಮಸ್ ಅಲ್ಲಿಯೇ ಮಡಿದರು. ಜಾನಿ ವಿಲಿಯಮ್ಸ್ ಅವರ ಕಾಲಿಗೆ ತೀವ್ರ ಗಾಯವಾಗಿ, ಅದನ್ನು ಕತ್ತರಿಸಬೇಕಾಯಿತು. ಐದು ದಿನಗಳ ನಂತರ ಅವರು ತೀರಿಕೊಂಡರು. ಪಾದದ ಚಳಕದಿಂದಲೇ ಹೆಸರಾದವರಿಗೆ ಹೀಗಾಯಿತೆಂಬುದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ಅವರು ಸತ್ತ ಜುಲೈ 12ರ ಹೊತ್ತಿಗೆ ಕಾಡು ಬ್ರಿಟಿಷರ ವಶಕ್ಕೆ ಬಂದಿತ್ತು. ಅದಕ್ಕಾಗಿ ವೆಲ್ಷ್ ಡಿವಿಷನ್ನಿನ ಸುಮಾರು 4,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದು ತಿಂಗಳಲ್ಲಿ, ಆಗಸ್ಟ್ 14ರಂದು, 1905ರಲ್ಲಿ ನ್ಯೂಜಿಲೆಂಡನ್ನು ಸೋಲಿಸಿದ ವೇಲ್ಸ್ ತಂಡದಲ್ಲಿದ್ದ ಚಾರ್ಲಿ ಪ್ರಿಚರ್ಡ್ ಕೂಡ ಶತ್ರುಕಂದಕದ ಮೇಲಿನ ದಾಳಿಯಲ್ಲಿ ಪಡೆದ ಗಾಯಗಳಿಂದ ತೀರಿಕೊಂಡರು. ಅವರ ಸಮಾಧಿ ಷೋಕ್ ಎಂಬಲ್ಲಿದೆ. ಆ ಯುದ್ಧದಲ್ಲಿ ಪ್ರಾಣ ಕಳೆದುಕೊಂಡ ವೇಲ್ಸಿನ ಅಂತರರಾಷ್ಟ್ರೀಯ ರಗ್ಬಿ ಆಟಗಾರರು ಒಟ್ಟು 13 ಮಂದಿ.

ಆ ಹದಿಮೂರರಲ್ಲಿ ಅತ್ಯಂತ ಹಿರಿಯರ ಹೆಸರನ್ನೂ ನಾನು ಹುಡುಕಿದೆ. ರಿಚರ್ಡ್ ಗಾರ್ನನ್ಸ್ ವಿಲಿಯಮ್ಸ್ 1881ರ ಫೆಬ್ರುವರಿ 19ರಂದು ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ವೇಲ್ಸ್ ಆಡಿದ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿದ್ದವರು. ಅಂದು ಇಂಗ್ಲೆಂಡ್ 13 ಟ್ರೈ ಗಳಿಸಿ ಅವರ ತಂಡವನ್ನು ಹೀನಾಯವಾಗಿ ಸೋಲಿಸಿತು; ಆ ಸೋಲಿನ ಮೂರು ವಾರಗಳಲ್ಲಿಯೇ ವೇಲ್ಸಿನ ರಗ್ಬಿ ಒಕ್ಕೂಟ ರೂಪುಗೊಂಡಿತು. ಸೇನೆಯಿಂದ ನಿವೃತ್ತರಾಗಿದ್ದ ಅವರು ಯುದ್ಧ ಬಂದಾಗ ಮತ್ತೆ ಸೇರಿ, ರಾಯಲ್ ಫ್ಯೂಸಿಲಿಯರ್ಸ್‌ನ 12ನೇ ಬೆಟಾಲಿಯನ್ನಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ, 1915ರ ಸೆಪ್ಟೆಂಬರ್‌ನಲ್ಲಿ ಲೂಸ್ ಕದನದಲ್ಲಿ 59ನೇ ವಯಸ್ಸಿನಲ್ಲಿ ಮಡಿದರು. ಇಂಥ ಜೋಡಿ ಕುಲನಾಮಗಳನ್ನು ಗಾರ್ನನ್ಸ್ ಎಂದೂ ವಿಲಿಯಮ್ಸ್ ಎಂದೂ ಎರಡು ಬಗೆಯಲ್ಲಿ ಹುಡುಕಿ ನೋಡಬೇಕು ಎಂಬುದು ಅವರಿಂದ ನಾನು ಕಲಿತದ್ದು.

ಭಾರತೀಯ ಓದುಗರಿಗಾಗಿ ಒಂದು ಮಾತನ್ನು ಸೇರಿಸಬೇಕು. ಎಲ್ಲರಿಗೂ ಸಮಾನ ಗೌರವ ಎಂಬ ನಿಯಮವು ಯುರೋಪಿನ ಆಚೆ ಸಮಾನವಾಗಿ ನಡೆಯಲಿಲ್ಲ. ಆಫ್ರಿಕ ಮತ್ತು ಏಷ್ಯಗಳ ಸೈನಿಕರಲ್ಲಿ ಹಲವರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತದೆ ನೋಂದಣಿ ಪುಸ್ತಕಗಳಲ್ಲಿ ಮಾತ್ರ ಬರೆಯಲಾಯಿತು, ಎಷ್ಟೋ ಜನರ ಹೆಸರನ್ನು ಬರೆದಿಡಲೇ ಇಲ್ಲ ಎಂಬುದನ್ನು ಆಯೋಗವೇ ನೇಮಿಸಿದ ವಿಶೇಷ ಸಮಿತಿ 2021ರ ವರದಿಯಲ್ಲಿ ಒಪ್ಪಿಕೊಂಡಿತು, ಆಯೋಗ ಕ್ಷಮೆ ಕೇಳಿತು. ಫ್ರಾನ್ಸಿನ ನ್ಯೂವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ, ಅವುಗಳನ್ನು ಇದೇ ಸೇವೆಯಲ್ಲಿ ಹುಡುಕಬಹುದು. ಬೆಂಗಳೂರಿನಲ್ಲಿರುವವರು ಸ್ಮಶಾನದ ಹೆಸರಿನ ಅಂಕಣದಲ್ಲಿ ಹೊಸೂರು ರಸ್ತೆಯ ಸ್ಮಶಾನವನ್ನು ಹಾಕಿ ನೋಡಿದರೆ ಸೇವೆಯ ಬಗೆ ಬೇಗ ಅರ್ಥವಾಗುತ್ತದೆ. ಜಾನಿ ವಿಲಿಯಮ್ಸ್ ಅವರ ದಾಖಲೆ ನನಗೆ ಅಷ್ಟು ಸ್ಪಷ್ಟವಾಗಿ ಸಿಕ್ಕಿದ್ದಕ್ಕೆ ಅವರು ಎಲ್ಲಿ ಹುಟ್ಟಿದರು, ಎಲ್ಲಿ ಮಡಿದರು ಎಂಬುದೂ ಒಂದು ಕಾರಣ ಎಂಬುದನ್ನು ಮರೆಯಬಾರದು.

ಕೊನೆಗೆ, ಜಾಲತಾಣದಿಂದ ನೆಲಕ್ಕೆ. ಕೋರ್ಬಿ ಊರು ಅಮಿಯಾಂ ನಗರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ, ರೈಲು ನಿಲ್ಲುತ್ತದೆ. ಸೋಮ್ ಕದನದ ಕಾಲದಲ್ಲಿ ಗಾಯಾಳುಗಳ ಚಿಕಿತ್ಸಾ ಕೇಂದ್ರಗಳು ಅಲ್ಲಿದ್ದುದರಿಂದ ಊರಿನ ಸ್ಮಶಾನ ಸಾಲದೆ 1916ರ ಮೇ ತಿಂಗಳಲ್ಲಿ ಅದನ್ನು ವಿಸ್ತರಿಸಲಾಯಿತು. ಈ ವಿಸ್ತರಣೆಯಲ್ಲಿ ಸುಮಾರು ಒಂಬೈನೂರು ಸಮಾಧಿಗಳಿವೆ. ಆಯೋಗದ ಸ್ಮಶಾನಗಳ ದ್ವಾರದ ಬಳಿ ಗೋಡೆಯಲ್ಲಿ ಒಂದು ಲೋಹದ ಬಾಗಿಲಿನ ಗೂಡಿರುತ್ತದೆ, ಅದರೊಳಗೆ ನೋಂದಣಿ ಪುಸ್ತಕವಿರುತ್ತದೆ. ಆದರೂ ಭಾಗ, ಸಾಲು, ಸಂಖ್ಯೆಗಳನ್ನು ಮನೆಯಲ್ಲಿಯೇ ಬರೆದುಕೊಂಡು ಹೋದರೆ ನೇರವಾಗಿ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು. ಹುಲ್ಲು ಸಮನಾಗಿ ಕತ್ತರಿಸಿರುತ್ತದೆ, ಕಲ್ಲುಗಳ ಬುಡದಲ್ಲಿ ಹೂಗಿಡಗಳಿರುತ್ತವೆ. ನೂರು ವರ್ಷಗಳ ನಂತರವೂ ಇಷ್ಟು ಜತನ ಮಾಡುವ ಸಂಸ್ಥೆಗೆ ನನ್ನ ಮೆಚ್ಚುಗೆ ಪೂರ್ಣವಾಗಿದೆ. ಅದೇ ಆವರಣದಲ್ಲಿ ವಿಕ್ಟೋರಿಯ ಕ್ರಾಸ್ ಪಡೆದ ಮೇಜರ್ ಬಿಲ್ಲಿ ಕಾಂಗ್ರೀವ್ ಅವರ ಸಮಾಧಿಯೂ ಇದೆ. ಜನರಲ್ ಒಬ್ಬರ ಮಗನ ಕಲ್ಲಿಗೂ ಕಾರ್ಡಿಫ್‌ನ ಕಲ್ಲಿದ್ದಲು ವ್ಯಾಪಾರಿಯ ಕಲ್ಲಿಗೂ ಎತ್ತರ ಒಂದೇ.

ಡಿಕ್ ಥಾಮಸ್ ಅವರಿಗೆ ಗುರುತು ಸಿಕ್ಕ ಸಮಾಧಿಯಿಲ್ಲ. ಅವರ ಹೆಸರಿಗಾಗಿ ತಿಯೆಪ್ವಾಲ್‌ಗೆ ಹೋಗಬೇಕು. ನಮ್ಮ ದೆಹಲಿಯ ಇಂಡಿಯಾ ಗೇಟಿನ ಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಅವರೇ ರೂಪಿಸಿದ, 1932ರಲ್ಲಿ ಅನಾವರಣಗೊಂಡ ಆ ಕಮಾನುಗಳ ಸ್ಮಾರಕದಲ್ಲಿ, ದೇಹ ಸಿಗದ 72,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಆಯೋಗದ ದಾಖಲೆ ಕಂಬದ ಸಂಖ್ಯೆಯನ್ನೂ ಅದರ ಮುಖವನ್ನೂ ಹೇಳುತ್ತದೆ. ವೆಲ್ಷ್ ರೆಜಿಮೆಂಟಿನವರದು 7ಎ ಮತ್ತು 10ಎ. ಅಲ್ಲಿ ಹೆಸರುಗಳು ರೆಜಿಮೆಂಟ್, ಅದರೊಳಗೆ ಹುದ್ದೆ, ಆಮೇಲೆ ಅಕ್ಷರಕ್ರಮದಲ್ಲಿ ಬರುತ್ತವೆ, ಆದ್ದರಿಂದ ಥಾಮಸ್‌ಗಳ ಉದ್ದನೆಯ ಸಾಲಿಗೆ ಹೋಗುವ ಮೊದಲು ಸಾರ್ಜೆಂಟ್ ಮೇಜರ್‌ಗಳ ಹುದ್ದೆಯನ್ನು ಹುಡುಕಿ. ಸಾಲುಗಳು ತಲೆಯ ಮೇಲಕ್ಕೆ ಬಹಳ ಎತ್ತರದವರೆಗೆ ಹೋಗುತ್ತವೆ. ಒಂದು ಬೈನಾಕ್ಯುಲರ್ ಕೊಂಡೊಯ್ಯಿರಿ.